ಮಗನ ವಯಸ್ಸಿನ ಲೆಕ್ಕ

ನೋಡಮ್ಮ, ಆ ವಾರಾಂತ್ಯದ ಗಾಬರಿಯನ್ನು ನೀನೂ ಅಳಿಯಂದಿರೂ ಮರೆತಿರಲಿಕ್ಕಿಲ್ಲ. 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್ ಎಚ್-1ಬಿ ಉದ್ಯೋಗ ವೀಸಾದ ಅರ್ಜಿಗೆ ಒಂದು ಲಕ್ಷ ಡಾಲರ್ ಎಂಬ ಘೋಷಣೆಗೆ ಸಹಿ ಹಾಕಿದರು. ಊರಿಗೆ ಬಂದಿದ್ದವರು ರಜೆ ಅರ್ಧಕ್ಕೇ ಬಿಟ್ಟು ವಿಮಾನ ಹತ್ತಿದರು. ಅದು ಹೊಸ ಅರ್ಜಿಗಳಿಗೆ ಮಾತ್ರ, ವೀಸಾ ಇದ್ದವರಿಗಲ್ಲ ಎಂದು ಶ್ವೇತಭವನ ಮರುದಿನ ಹೇಳಿತು. ಇಂಥ ಸುದ್ದಿಗಳು ಇನ್ನೂ ಬರುತ್ತವೆ. ಆದರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಬಂದ ನಿನ್ನ ದೊಡ್ಡಪ್ಪನಿಗೆ ಹೆಚ್ಚು ಭಯವಿರುವುದು ಸದ್ದಿಲ್ಲದೆ ಬದಲಾಗುವ ನಿಯಮಗಳ ಬಗ್ಗೆ. ಅವು ತಟ್ಟುವುದು ಮಕ್ಕಳಿಗೆ.

ನಿನ್ನ ಮಗ ಬೆಂಗಳೂರಿನಲ್ಲಿ ಹುಟ್ಟಿದವನು, ಎಚ್-1ಬಿಯವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿದ್ದಾನೆ. ಅವನ ತಂಗಿ ಅಮೆರಿಕದಲ್ಲೇ ಹುಟ್ಟಿದವಳು, ಆ ದೇಶದ ಪ್ರಜೆ. 21 ತುಂಬಿದರೆ ಎಚ್-4 ಮುಗಿಯಿತು. ಅವನು ವಿದ್ಯಾರ್ಥಿ ವೀಸಾಕ್ಕೋ ಇನ್ನೊಂದಕ್ಕೋ ಬದಲಾಗಬೇಕು, ಇಲ್ಲವೇ ದೇಶ ಬಿಡಬೇಕು. ಅಷ್ಟರೊಳಗೆ ನಿಮ್ಮ ಗ್ರೀನ್ ಕಾರ್ಡ್ ಸರದಿ ಬಂದೀತೇ? 1990ರ ಕಾನೂನಿನ ಪ್ರಕಾರ ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್. ಹೆಂಡತಿ ಮಕ್ಕಳೂ ಅದರಲ್ಲೇ. ಯಾವ ದೇಶಕ್ಕೂ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚಿಲ್ಲ. 2025ರ ಕೊನೆಯಲ್ಲೂ ಇಬಿ-2 ಎಂಬ ಉದ್ಯೋಗ ವರ್ಗದಲ್ಲಿ ಭಾರತೀಯರ ಸಾಲು 2013ರ ಅರ್ಜಿಗಳ ಹತ್ತಿರವೇ ನಿಂತಿತ್ತು.

ಅರ್ಜಿ ಪರಿಶೀಲನೆಯಲ್ಲಿ ಕಳೆದ ಕಾಲವನ್ನು ಮಗುವಿನ ವಯಸ್ಸಿನಿಂದ ಕಳೆಯಬಹುದೆಂದು 2002ರಲ್ಲಿ ಒಂದು ಕಾನೂನು ಬಂತು. ವಯಸ್ಸನ್ನು ಎಣಿಸುವುದು ಗ್ರೀನ್ ಕಾರ್ಡ್ ಸರದಿ ಬರುವ ದಿನಕ್ಕೆ. ಆ ದಿನ ಯಾವುದು? ಸರದಿ ಎಲ್ಲಿಗೆ ಬಂತೆಂದು ತಿಳಿಸುವ ವೀಸಾ ಬುಲೆಟಿನ್‌ನಲ್ಲಿ ಎರಡು ಪಟ್ಟಿಗಳಿವೆ, ಒಂದು ಮುಂದೆ ಓಡುತ್ತದೆ, ಇನ್ನೊಂದು ಹಿಂದುಳಿಯುತ್ತದೆ. 2023ರಲ್ಲಿ ವಲಸೆ ಇಲಾಖೆ ಮುಂದೆ ಓಡುವ ಪಟ್ಟಿಯನ್ನು ಒಪ್ಪಿತು, ಎಷ್ಟೋ ಮಕ್ಕಳು ಉಳಿದುಕೊಂಡರು. 2025ರ ಆಗಸ್ಟ್ 15ರಿಂದ ಮತ್ತೆ ಹಿಂದುಳಿದ ಪಟ್ಟಿಗೇ ಹೋಯಿತು. ಕಾನೂನಿನ ಒಂದಕ್ಷರವೂ ಬದಲಾಗಲಿಲ್ಲ, ಮಕ್ಕಳ ವಯಸ್ಸು ಮಾತ್ರ ಬದಲಾಯಿತು. ಅಲ್ಲಿಯ ಶಾಲೆಯಲ್ಲೇ ಓದಿ ಬೆಳೆದ ಮಕ್ಕಳಿಗೆ ಇದು ಅನ್ಯಾಯ. ನನಗೆ ಸಿಟ್ಟು ಬರುತ್ತದೆ.

ಆದರೂ ಮಗನಿಂದ ಮುಚ್ಚಿಡಬೇಡಿ. ಹೈಸ್ಕೂಲು ಸೇರುವಾಗಲೇ ಹೇಳಿ. ಕಾಲೇಜು ಅರ್ಜಿಯ ಮುಂದೆ ಕೂತಾಗ, ಇಷ್ಟು ವರ್ಷ ಜೊತೆಗೆ ಓದಿದವರಿಗೆ ಸಿಗುವ ಸರ್ಕಾರಿ ನೆರವು ತನಗಿಲ್ಲವೆಂದು ಮೊದಲ ಸಲ ತಿಳಿದರೆ ಹುಡುಗ ಕುಸಿದುಹೋಗುತ್ತಾನೆ. ಅಪ್ಪ ಅಮ್ಮನಿಗೆ ಗೊತ್ತಿತ್ತು ಎಂಬುದು ಇನ್ನೂ ಚುಚ್ಚುತ್ತದೆ. ಕೆನಡಾ, ಬೆಂಗಳೂರು, ಎಲ್ಲದರ ಮಾತೂ ಊಟದ ಹೊತ್ತಿಗೆ ಬರಲಿ. ವಾಪಸು ಬರುವ ಮಾತನ್ನು ಸೋಲಿನಂತೆ ಆಡಬೇಡಿ.

ಕಂಪನಿಯ ಲಾಯರ್ ನೋಡುವುದು ಕಂಪನಿಯ ಹಿತವನ್ನು. ವರ್ಷಕ್ಕೊಮ್ಮೆ ನೀವೇ ಫೀಸು ಕೊಟ್ಟು ಬೇರೆ ವಲಸೆ ವಕೀಲರಿಗೆ ಮಗನ ಲೆಕ್ಕ ತೋರಿಸಿ. ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾದ ಕಾಗದದ ಪ್ರತಿ ಕೇಳಿ ಇಟ್ಟುಕೊಳ್ಳಿ. ಅಳಿಯಂದಿರ ಕೆಲಸ ಹೋದರೆ ಕೈಯಲ್ಲಿರುವುದು ಹೆಚ್ಚೆಂದರೆ 60 ದಿನ, ಆಗ ಆ ಕಾಗದ ಹುಡುಕುತ್ತ ಕೂರಬೇಡಿ.

ಇನ್ನೊಂದು. ಚಿಕ್ಕ ಮಕ್ಕಳ ಭಾರತೀಯ ಪಾಸ್‌ಪೋರ್ಟ್ ಐದೇ ವರ್ಷದ್ದು. ಅಪ್ಪನ ಎಚ್-1ಬಿ ಮೂರು ವರ್ಷವಿದ್ದರೂ ವಿಮಾನ ನಿಲ್ದಾಣದಲ್ಲಿ ಮಗನ ಐ-94 ಅನ್ನು, ಅಂದರೆ ಅಲ್ಲಿ ಇರಬಹುದಾದ ಗಡುವಿನ ದಾಖಲೆಯನ್ನು, ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ನಿಲ್ಲಿಸುತ್ತಾರೆ. ವೀಸಾ ಸ್ಟಾಂಪಿನ ತಾರೀಖು ನೋಡಿಕೊಂಡು ನಿಶ್ಚಿಂತೆಯಾಗಿದ್ದರೆ ಅವನ ಸ್ಟೇಟಸ್ ಹೋದದ್ದೇ ಗೊತ್ತಾಗುವುದಿಲ್ಲ. ಈ ಬೇಸಿಗೆಗೆ ಬರುವ ಮೊದಲು ಪಾಸ್‌ಪೋರ್ಟ್ ನವೀಕರಿಸಿ, ಟಿಕೆಟ್ ಆಮೇಲೆ ತೆಗೆಯಿರಿ. ವಾಪಸು ಹೋಗಿ ಇಳಿದ ರಾತ್ರಿಯೇ ನಿಮ್ಮ ಮೂವರ ಐ-94 ತೆಗೆದು ತಾರೀಖು ನೋಡಿ.