ಪಗಾರ ಚೀಟಿಯಲ್ಲಿ ಎರಡು ತೆರಿಗೆ: ಯಾವುದು ನ್ಯಾಯ?

ನಮ್ಮ ವಾಚನಾಲಯಕ್ಕೆ ಹೊಸದಾಗಿ ಬರುವ ತರುಣರಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ: "ಅಣ್ಣಾ, ನನ್ನ ಪಗಾರದಾಗ 'ವ್ಯವಸಾಯ ಕರ' ಅಂತ ಇನ್ನೂರು ರೂಪಾಯಿ ಮುರದಾರ. ಊರಾಗಿನ ನಮ್ಮ ಹೊಲದ ಸುದ್ದಿ ಇವರಿಗೆ ಹೆಂಗ ಗೊತ್ತಾತು?"

ನಾವು ನಕ್ಕು ತಿಳಿಸಿ ಹೇಳುತ್ತೇವೆ. ಮರಾಠಿಯಲ್ಲಿ ವ್ಯವಸಾಯವೆಂದರೆ ಉದ್ಯೋಗ, ಒಕ್ಕಲುತನವಲ್ಲ. ಇದು ವೃತ್ತಿ ತೆರಿಗೆ. ಆದರೆ ಅದರ ಹಿಂದೆಯೇ ಬರುವ ಪ್ರಶ್ನೆ ನಗುವಂಥದ್ದಲ್ಲ. "ನಮ್ಮ ದೊಡ್ಡ ಸಾಹೇಬರಿಗೆ ಎಷ್ಟು ಮುರೀತಾರ?" ಅವರಿಗೂ ಇನ್ನೂರೇ ಎಂದಾಗ ಕೇಳಿದವನು ಸುಮ್ಮನಾಗುತ್ತಾನೆ. ಆ ಮೌನಕ್ಕೆ ಉತ್ತರ ಹುಡುಕುವುದೇ ಈ ಪಾಠದ ಉದ್ದೇಶ.

1. ನ್ಯಾಯವೆಂದರೇನು?

ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬ ಗಾದೆ ನಮ್ಮಲ್ಲುಂಟು. ತೆರಿಗೆಯ ನ್ಯಾಯವೂ ಇದೇ. ಎಲ್ಲರಿಂದ ಒಂದೇ ಮೊತ್ತ ತೆಗೆದುಕೊಂಡರೆ ಅದು ಸಮಾನತೆಯಂತೆ ಕಂಡೀತು. ಆದರೆ ಕೊಟ್ಟ ಮೇಲೆ ಮನೆಯಲ್ಲಿ ಏನು ಉಳಿಯಿತು ಎಂಬುದನ್ನೂ ನೋಡಬೇಕಲ್ಲವೆ? ಖೋಲಿ ಬಾಡಿಗೆ, ಖಾನಾವಳಿ, ಊರಿಗೆ ಕಳಿಸುವ ಹಣ ಇಷ್ಟಕ್ಕೇ ಪಗಾರ ಮುಗಿಯುವವನಿಗೆ ಇನ್ನೂರು ರೂಪಾಯಿ ನಾಲ್ಕು ದಿನದ ಊಟವಾದೀತು. ಲಕ್ಷ ತರುವವನಿಗೆ ಅದು ನೆನಪಿನಲ್ಲೂ ಉಳಿಯದು.

2. ಆದಾಯ ತೆರಿಗೆಯ ಮೆಟ್ಟಿಲುಗಳು

2025-26ನೆಯ ಸಾಲಿನ ಹೊಸ ಪದ್ಧತಿಯನ್ನು ನೋಡೋಣ. ವರ್ಷದ ಆದಾಯದಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. 4ರಿಂದ 8 ಲಕ್ಷದ ಭಾಗಕ್ಕೆ ಶೇ. 5, 8ರಿಂದ 12ಕ್ಕೆ ಶೇ. 10, 12ರಿಂದ 16ಕ್ಕೆ ಶೇ. 15, 16ರಿಂದ 20ಕ್ಕೆ ಶೇ. 20, 20ರಿಂದ 24ಕ್ಕೆ ಶೇ. 25, ಅದರ ಮೇಲಿನದಕ್ಕೆ ಶೇ. 30. ಪಗಾರದವರಿಗೆ ಮೊದಲೇ 75,000 ರೂಪಾಯಿಯ ಸಾಮಾನ್ಯ ಕಡಿತ ಸಿಗುತ್ತದೆ. ತೆರಿಗೆ ಹಾಕತಕ್ಕ ಆದಾಯ 12 ಲಕ್ಷ ಮೀರದಿದ್ದರೆ ಬಂದ ತೆರಿಗೆಯನ್ನೆಲ್ಲ ಮನ್ನಾ ಮಾಡುತ್ತಾರೆ. ಅಂದರೆ ಪಗಾರವೊಂದನ್ನೇ ನಂಬಿದವರಿಗೆ 12 ಲಕ್ಷ 75 ಸಾವಿರದವರೆಗೆ ಏನೂ ಇಲ್ಲ.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 14,75,000 ಪಗಾರದ ಅಧಿಕಾರಿಗೆ ಶೇ. 4ರ ಉಪಕರ ಸೇರಿ 93,600 ರೂಪಾಯಿ ತೆರಿಗೆ ಬರುತ್ತದೆ. ಇದು ಪಗಾರದ ಶೇ. 6.3. ಪಗಾರ 24,75,000 ಆದರೆ ತೆರಿಗೆ 3,12,000, ಅಂದರೆ ಶೇ. 12.6. ಪಗಾರ ಎರಡು ಪಟ್ಟೂ ಆಗದೆ ತೆರಿಗೆ ಮೂರು ಪಟ್ಟು ಮೀರಿತು. ಏರುವವನು ಏರಿದಂತೆ ಭಾರವೂ ಏರುವ ಈ ಕಟ್ಟಡ ನ್ಯಾಯವಾದದ್ದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. "ಬಡ್ತಿ ಬೇಡ, ಮೇಲಿನ ದರಕ್ಕೆ ಸೇರಿದರೆ ಇಡೀ ಪಗಾರಕ್ಕೆ ಆ ದರ ಬೀಳುತ್ತದೆ" ಎಂದು ಹಿಂಜರಿಯುವವರನ್ನು ನಾವು ಕಂಡಿದ್ದೇವೆ. ಹಾಗಲ್ಲ. ಮೇಲಿನ ದರ ಆ ಮೆಟ್ಟಿಲಿನ ಮೇಲಿರುವ ಹಣಕ್ಕೆ ಮಾತ್ರ. ಕೆಳಗಿನ ಹಣಕ್ಕೆ ಕೆಳಗಿನ ದರವೇ. 12 ಲಕ್ಷವನ್ನು ಸ್ವಲ್ಪ ದಾಟಿದವರಿಗೂ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ತಡೆಯುಂಟು. ಅದರ ಮೇಲೆ ಉಪಕರವಷ್ಟೇ ಕೂಡುತ್ತದೆ. ಆದ್ದರಿಂದ ತೆರಿಗೆಯ ಭಯಕ್ಕೆ ಯಾರೂ ಬಡ್ತಿ ಬಿಡಬೇಕಾಗಿಲ್ಲ.

ಹಾಗಾದರೆ ಈ ಕಟ್ಟಡದಲ್ಲಿ ಬಿರುಕಿಲ್ಲವೆ? ಉಂಟು. ದುಡಿದು 24 ಲಕ್ಷದ ಮೇಲೆ ಗಳಿಸಿದ ಹಣಕ್ಕೆ ಶೇ. 30 ತೆರಿಗೆ. ಪೇಟೆಯಲ್ಲಿ ನೋಂದಾಯಿತ ಷೇರನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ಶೇ. 12.5 ಮಾತ್ರ; ಅದೂ ವರ್ಷಕ್ಕೆ ಒಂದೂಕಾಲು ಲಕ್ಷ ಬಿಟ್ಟು. ಒಕ್ಕಲುತನದ ಆದಾಯಕ್ಕೆ, ಅದು ಎಷ್ಟೇ ದೊಡ್ಡದಿರಲಿ, ಕೇಂದ್ರದ ಆದಾಯ ತೆರಿಗೆಯಿಲ್ಲ. ಎರಡೆಕರೆ ಒಣಭೂಮಿಯವನಿಗೆ ಇದು ಸಲ್ಲತಕ್ಕದ್ದೇ. ನೂರೆಕರೆ ತೋಟದವನಿಗೂ ಸಲ್ಲಬೇಕೆ ಎಂಬುದು ಬಹುಕಾಲದ ವಾದ.

3. ವೃತ್ತಿ ತೆರಿಗೆಯ ಹೊಸ್ತಿಲು

ಮಹಾರಾಷ್ಟ್ರದಲ್ಲಿ ವೃತ್ತಿ ತೆರಿಗೆ ಬಂದದ್ದು 1975ರ ಕಾನೂನಿನಿಂದ. 1972ರ ಬರಗಾಲದ ನೆನಪು ಇನ್ನೂ ಹಸಿಯಾಗಿತ್ತು. ಹಳ್ಳಿಯ ಬಡವರಿಗೆ ಕೆಲಸ ಕೊಡುವ ರೋಜಗಾರ ಹಮೀ ಯೋಜನೆಗೆ ಪಟ್ಟಣದ ದುಡಿಯುವವರಿಂದ ಹಣ ಕೂಡಿಸುವುದು ಇದರ ಉದ್ದೇಶವಾಗಿತ್ತು. ಉದ್ದೇಶಕ್ಕೆ ಹೆಸರಿಡುವಂತಿಲ್ಲ, ದರವನ್ನು ಮಾತ್ರ ಪರೀಕ್ಷಿಸೋಣ.

ಗಂಡಸರಿಗೆ ತಿಂಗಳ ಪಗಾರ 7,500 ರೂಪಾಯಿವರೆಗೆ ತೆರಿಗೆಯಿಲ್ಲ, 10,000ದವರೆಗೆ 175, ಅದನ್ನು ಮೀರಿದರೆ 200, ಫೆಬ್ರುವರಿಯಲ್ಲಿ 300. ವರ್ಷಕ್ಕೆ 2,500. ಅಲ್ಲಿಗೆ ಮೆಟ್ಟಿಲು ಮುಗಿಯಿತು. ತಿಂಗಳಿಗೆ 11,000 ತರುವ ಕಾವಲುಗಾರನೂ 2,500 ಕೊಡುತ್ತಾನೆ, ವರ್ಷಕ್ಕೆ 24,75,000 ತರುವ ಅಧಿಕಾರಿಯೂ 2,500 ಕೊಡುತ್ತಾನೆ. ಕಾವಲುಗಾರನಿಗೆ ಅದು ಆದಾಯದ ಶೇ. 1.9, ಅಧಿಕಾರಿಗೆ ಶೇ. 0.1. ಇರುವೆಯ ಬೆನ್ನ ಮೇಲೆ ಆನೆಯ ಭಾರ ಕೂತದ್ದು ಇಲ್ಲಿಯೇ.

ಹೆಣ್ಣುಮಕ್ಕಳಿಗೆ 2023ರ ಏಪ್ರಿಲ್‌ನಿಂದ 25,000ದವರೆಗೆ ವಿನಾಯಿತಿ ದೊರೆತಿದೆ. ಬಹಳ ಒಳ್ಳೆಯದು. ಆದರೆ ಇದು ಮೆಟ್ಟಿಲಲ್ಲ, ಹೊಸ್ತಿಲು. 24,950 ಪಗಾರದ ಹೆಣ್ಣುಮಗಳಿಗೆ ತುಟ್ಟಿಭತ್ಯೆ 100 ರೂಪಾಯಿ ಏರಿತೆನ್ನಿ. ಪಗಾರ 25,050 ಆಯಿತು, 200 ಮುರಿಯಿತು, ಕೈಗೆ ಬಂದದ್ದು 24,850. ತುಟ್ಟಿ ಕಾಲಕ್ಕೆಂದು ಕೊಟ್ಟ ಭತ್ಯೆ ಇದ್ದುದನ್ನೇ ಕಡಿಮೆ ಮಾಡಿತು. ಆದಾಯ ತೆರಿಗೆಯಲ್ಲಿ ಬಡ್ತಿಗೆ ಹೆದರುವವರ ಭಯ ಸುಳ್ಳಾದರೂ ಇಲ್ಲಿ ಅದು ನಿಜ.

ಊರಿನ ಲೆಕ್ಕವನ್ನೂ ಹೋಲಿಸಿರಿ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ಗಂಡು ಹೆಣ್ಣೆಂಬ ಭೇದವಿಲ್ಲದೆ 25,000ಕ್ಕಿಂತ ಕಡಿಮೆ ಪಗಾರಕ್ಕೆ ವೃತ್ತಿ ತೆರಿಗೆಯಿಲ್ಲ. ಅಣ್ಣ ವಿಜಯಪುರದಲ್ಲಿ, ತಮ್ಮ ಪುಣೆಯಲ್ಲಿ, ಇಬ್ಬರಿಗೂ 20,000 ಪಗಾರವಿದ್ದರೆ ಅಣ್ಣನಿಗೆ ಏನೂ ಇಲ್ಲ, ತಮ್ಮನಿಗೆ ವರ್ಷಕ್ಕೆ 2,500.

ಸಾಹೇಬರಿಂದ ಹೆಚ್ಚು ತೆಗೆದುಕೊಳ್ಳಬಾರದೆ ಎಂದು ಕೇಳಬಹುದು. ರಾಜ್ಯಕ್ಕೆ ಆ ಅಧಿಕಾರವಿಲ್ಲ. ಸಂವಿಧಾನದ 276ನೆಯ ವಿಧಿ ಈ ತೆರಿಗೆಗೆ ಮೇಲಿನ ಮಿತಿ ಹಾಕಿದೆ. 1950ರಲ್ಲಿ ಅದು ವರ್ಷಕ್ಕೆ 250 ರೂಪಾಯಿ ಇತ್ತು. 1988ರ ಅರವತ್ತನೆಯ ತಿದ್ದುಪಡಿಯಿಂದ 2,500 ಆಯಿತು. ಆನೆಯ ಭಾರ ಏರಿಸಲು ಸಂವಿಧಾನ ತಿದ್ದಬೇಕು. ಇರುವೆಯ ಭಾರ ಇಳಿಸಲು ರಾಜ್ಯದ ಮನಸ್ಸೊಂದೇ ಸಾಕು. ಹೆಣ್ಣುಮಕ್ಕಳಿಗೆ ಮಾಡಿದ್ದನ್ನು ಎಲ್ಲರಿಗೂ ಮಾಡಬಹುದು.

4. ಗೋಖಲೆಯವರು ಕೇಳಿದ ಪ್ರಶ್ನೆ

ಇಂಥ ಪ್ರಶ್ನೆ ಪುಣೆಗೆ ಹೊಸದಲ್ಲ. ಇಲ್ಲಿಯ ಫರ್ಗ್ಯುಸನ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಗೋಪಾಲ ಕೃಷ್ಣ ಗೋಖಲೆಯವರು 1902ರ ಮಾರ್ಚಿನಲ್ಲಿ ವೈಸರಾಯರ ಶಾಸನಸಭೆಯಲ್ಲಿ ಮುಂಗಡಪತ್ರದ ಮೇಲೆ ಮಾತನಾಡಿದರು. ಆಗ ವರ್ಷಕ್ಕೆ 500 ರೂಪಾಯಿ ಗಳಿಸುವ ಸಣ್ಣ ಕಾರಕೂನನಿಗೂ ಆದಾಯ ತೆರಿಗೆ ಇತ್ತು. ಉಪ್ಪಿನ ಮೇಲೆ ಮಣಕ್ಕೆ ಎರಡೂವರೆ ರೂಪಾಯಿ ಕರವಿತ್ತು. ಬೊಕ್ಕಸದಲ್ಲಿ ಹಣ ಮಿಕ್ಕುತ್ತಿರುವಾಗ ಬಡವರಿಂದ ಇಷ್ಟು ಕಿತ್ತುಕೊಳ್ಳುವುದೇಕೆ ಎಂಬುದು ಅವರ ವಾದ. ಮರುವರ್ಷ, 1903ರಲ್ಲಿ, ಆದಾಯ ತೆರಿಗೆಯ ಮಿತಿ 1,000ಕ್ಕೆ ಏರಿತು, ಉಪ್ಪಿನ ಕರ ಎರಡು ರೂಪಾಯಿಗೆ ಇಳಿಯಿತು. ಅಂಕಿಅಂಶಗಳನ್ನು ಕೈಯಲ್ಲಿ ಹಿಡಿದು ಆಡಿದ ಮಾತಿಗೆ ಪರಕೀಯ ಸರಕಾರವೂ ಕಿವಿಗೊಡಬೇಕಾಯಿತು.

ಉಪ್ಪನ್ನು ಅವರು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಕೊಳ್ಳುವಾಗ ಕೊಡುವ ತೆರಿಗೆ ಕಣ್ಣಿಗೆ ಬೀಳದು. ಇಂದು ಉಪ್ಪಿಗೆ ಜಿ.ಎಸ್.ಟಿ. ಇಲ್ಲ, ಸಡಿಲಾಗಿ ಅಳೆದು ಕೊಡುವ ಜೋಳಕ್ಕೂ ಇಲ್ಲ. ಆದರೆ ಅಡಿಗೆ ಎಣ್ಣೆಗೆ ಶೇ. 5, ಮೈ ಸಾಬೂನಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5 (ಅದಕ್ಕೆ ಮುಂಚೆ 18), ಮೊಬೈಲ್ ರೀಚಾರ್ಜಿಗೆ ಶೇ. 18. ಇದನ್ನು ಕೂಲಿಯೂ ಧಣಿಯೂ ಒಂದೇ ದರದಲ್ಲಿ ಕೊಡುತ್ತಾರೆ. ಆದ್ದರಿಂದ "ತೆರಿಗೆ ಕೊಡುವವರು ದೊಡ್ಡವರು, ನಾವಲ್ಲ" ಎಂದು ಯಾರೂ ತಲೆ ತಗ್ಗಿಸಬೇಕಾದುದಿಲ್ಲ.

5. ನಾವು ಮಾಡತಕ್ಕದ್ದು

ಮೊದಲನೆಯದಾಗಿ, ವಿನಾಯಿತಿಗಳನ್ನು ತಿಳಿದುಕೊಳ್ಳಬೇಕು. ಮಹಾರಾಷ್ಟ್ರದ ವೃತ್ತಿ ತೆರಿಗೆ ಬಟ್ಟೆ ಗಿರಣಿಯ ಬದಲಿ ಕಾಮಗಾರರಿಗೆ ಇಲ್ಲ. 65 ವರ್ಷ ತುಂಬಿದವರಿಗೆ ಇಲ್ಲ. ನಿಗದಿಯಾದ ಪ್ರಮಾಣದ ಶಾಶ್ವತ ಅಂಗವೈಕಲ್ಯವುಳ್ಳವರಿಗೆ ಇಲ್ಲ. ಬುದ್ಧಿಮಾಂದ್ಯ ಮಕ್ಕಳ ತಂದೆತಾಯಿಗಳಿಗೆ ಇಲ್ಲ. ಪ್ರಮಾಣಪತ್ರವನ್ನು ಕಚೇರಿಗೆ ಕೊಡಬೇಕು. ಇದನ್ನು ಬರೆಯುವಾಗ ನಮಗೆ ನಾಚಿಕೆಯೂ ಆಗುತ್ತದೆ. ಪಗಾರ ಪಟ್ಟಿ ಬರೆಯುವ ನಮ್ಮ ಕೈಯೇ ಅಂಥ ಮಗಳುಳ್ಳ ಒಬ್ಬ ಜತೆಗಾರರ ಪಗಾರದಲ್ಲಿ ವರ್ಷಗಟ್ಟಲೆ ಈ ತೆರಿಗೆ ಮುರಿದಿತ್ತು. ಅವರಿಗೆ ಕಾನೂನು ಗೊತ್ತಿರಲಿಲ್ಲ. ಗೊತ್ತಿರಬೇಕಾದ ನಾವೂ ಓದಿರಲಿಲ್ಲ.

ಎರಡನೆಯದಾಗಿ, ಬ್ಯಾಂಕಿನ ಬಡ್ಡಿಯಲ್ಲೋ ಗುತ್ತಿಗೆಯ ಹಣದಲ್ಲೋ ಮೊದಲೇ ಆದಾಯ ತೆರಿಗೆ ಮುರಿದಿದ್ದು ನಿಮ್ಮ ಆದಾಯ ಮಿತಿಯೊಳಗಿದ್ದರೆ, ರಿಟರ್ನ್ ಸಲ್ಲಿಸಿ ಆ ಹಣ ಹಿಂದಕ್ಕೆ ಪಡೆಯಬಹುದು. ಸಲ್ಲಿಸದಿದ್ದರೆ ಅದು ತಾನಾಗಿ ಬರದು.

ಮೂರನೆಯದಾಗಿ, ಗಂಡಸರ ವೃತ್ತಿ ತೆರಿಗೆಯ ಮಿತಿಯನ್ನೂ 25,000ಕ್ಕೆ ಏರಿಸಬೇಕೆಂದು ನಿಮ್ಮ ನಿಮ್ಮ ಯೂನಿಯನ್ನಿನಲ್ಲಿ ಮಾತೆತ್ತಿರಿ. ಮೇಲಿನ ಶೇ. 1.9 ಮತ್ತು ಶೇ. 0.1ರ ಲೆಕ್ಕವನ್ನು ಬರೆದುಕೊಂಡು ಹೋಗಿರಿ.

ಈ ತಿಂಗಳ ಪಗಾರ ಚೀಟಿಯನ್ನು ಬಿಸಾಡಬೇಡಿರಿ. ಸಂಜೆ ವಾಚನಾಲಯಕ್ಕೆ ಬರುವಾಗ ಜೇಬಿನಲ್ಲಿಟ್ಟುಕೊಂಡು ಬನ್ನಿರಿ. ಒಂದೊಂದು ಸಾಲನ್ನೂ ಕೂಡಿ ಓದೋಣ.