ಮೈಕ್ರಾಸ್ಟರ್: ವಿಕಾಸದ ಸಾಕ್ಷಿಯಾದ ಸೀ ಅರ್ಚಿನ್
ಕಂಟಕಚರ್ಮಿಗಳ ವಂಶಕ್ಕೆ ಸೇರಿದ, ಈಗ ಅಳಿದುಹೋಗಿರುವ ಸೀ ಅರ್ಚಿನ್ ಕುಲವಿದು. ಹೃದಯಾಕಾರದ ಸುಣ್ಣದ ಕವಚ ಇದರ ಗುರುತು. ಕ್ರಿಟೇಷಿಯಸ್ ಯುಗದ ಉತ್ತರಾರ್ಧದಲ್ಲಿ ಕಡಲ ತಳದ ಕೆಸರಿನಲ್ಲಿ ಹೂತುಕೊಂಡು ಬದುಕುತ್ತಿತ್ತು. ಇಂಗ್ಲೆಂಡ್, ಫ್ರಾನ್ಸ್‌ಗಳ ಚಾಕ್ ಬಂಡೆಗಳಲ್ಲಿ ಪಳೆಯುಳಿಕೆಗಳು ಹೇರಳ.

ಇದರ ಅಧ್ಯಯನದಲ್ಲಿ ನೆನಪಿಡಬೇಕಾದ ಹೆಸರು ಆರ್ಥರ್ ರೋ. ವೃತ್ತಿಯಿಂದ ಇವರು ವೈದ್ಯರು! ಇಂಗ್ಲೆಂಡಿನ ಚಾಕ್ ಪದರಗಳಿಂದ ಸಂಗ್ರಹಿಸಿದ ಮಾದರಿಗಳನ್ನು ಹೋಲಿಸಿ, ಕೆಳಪದರದಿಂದ ಮೇಲ್ಪದರಕ್ಕೆ ಬಂದಂತೆ ಕವಚ ಅಗಲವಾಗುತ್ತ, ಬಾಯಿ ಮುಂದಕ್ಕೆ ಸರಿಯುತ್ತ ಹೋದುದನ್ನು 1899ರಲ್ಲಿ ತೋರಿಸಿದರು. ಕ್ರಮೇಣ ನಡೆಯುವ ವಿಕಾಸಕ್ಕೆ ಇದು ಪ್ರಸಿದ್ಧ ಉದಾಹರಣೆ (ಕುದುರೆಯ ವಿಕಾಸವೊಂದನ್ನೇ ಬಾಯಿಪಾಠ ಮಾಡಿದವರು ಗಮನಿಸಿ). ಮೈಕ್ರಾಸ್ಟರ್‌ನ ಪ್ರಭೇದಗಳಿಂದ ಚಾಕ್ ಪದರಗಳ ಕಾಲವನ್ನೂ ಗುರುತಿಸುತ್ತಾರೆ. ಹಾಗಾಗಿ ಸೂಚಕ ಪಳೆಯುಳಿಕೆಯೂ ಹೌದು.

ಪರೀಕ್ಷೆಯಲ್ಲಿ ಆಯ್ಕೆ ಗುರುತಿಸುವಾಗ ಎಚ್ಚರ: ಮೈಕ್ರಾಸ್ಟರ್‌ನ ವರ್ಗ ಎಕಿನಾಯ್ಡಿಯ, ನಕ್ಷತ್ರಮೀನಿನ ವರ್ಗವಲ್ಲ.