ಕೆಲಸವಿಲ್ಲದ ಸರ್ವರ್ ದಣಿಯುವುದೇಕೆ?

ಹರಿಹರವೆಂದೊಡನೆ ಹಿರಿಯರಿಗೆ ಲೇತ್ ಯಂತ್ರವು ನೆನಪಾಗುತ್ತದೆ. 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್‌ಗಳಿಗೆ ಹೆಸರಾಗಿತ್ತು. ಈಗ ಅದು ಮುಚ್ಚಿಹೋಗಿದೆ. ಲೇತಿನ ಮುಂದೆ ನಿಂತು ದುಡಿದವರಿಗೆಲ್ಲ ತಿಳಿದ ಸಂಗತಿಯೊಂದುಂಟು. ಉಳಿಯು ಲೋಹವನ್ನು ಮುಟ್ಟದೆ ಯಂತ್ರವು ಬರಿದೆ ತಿರುಗುತ್ತಿದ್ದರೆ ಅದರ ಸದ್ದೇ ಬೇರೆ. ಅದು ಎಳೆಯುವ ವಿದ್ಯುತ್ತೂ ಕಡಿಮೆ. ಗಣಕದ ಪ್ರೊಸೆಸರಿನಲ್ಲಿ ಇಂತಹ ಸುಳಿವು ದೊರೆಯುವುದಿಲ್ಲ. ಅದು ಉಪಯುಕ್ತವಾದ ಲೆಕ್ಕವನ್ನು ಮಾಡುತ್ತಿರಲಿ, ಒಂದೇ ವ್ಯರ್ಥ ಪ್ರಶ್ನೆಯನ್ನು ಕೋಟಿ ಸಲ ಕೇಳುತ್ತಿರಲಿ, ಹೊರಗೆ ಕಾಣುವ ಅಂಕಿ ಮಾತ್ರ ಒಂದೇ: ನೂರಕ್ಕೆ ನೂರು.

ದಾವಣಗೆರೆಯ ವಿದ್ಯಾಸಂಸ್ಥೆಯೊಂದರಲ್ಲಿ ನಾವು ಕಂಡ ಪ್ರಸಂಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪ್ರವೇಶದ ಅರ್ಜಿಗಳನ್ನು ಸ್ವೀಕರಿಸಲು ಅಲ್ಲಿ ಹೊಸದೊಂದು ವೆಬ್ ಸರ್ವರನ್ನು ಸ್ಥಾಪಿಸಿದ್ದರು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ, ಅದರ ಮೇಲೆ ಟಾಮ್‌ಕ್ಯಾಟ್, ಅದರೊಳಗೆ ಜಾವಾ ಭಾಷೆಯಲ್ಲಿ ಬರೆದ ಅರ್ಜಿಯ ಕ್ರಮವಿಧಿ. ಯಂತ್ರಕ್ಕೆ ಎರಡು ಕೋರ್‌ಗಳಿದ್ದವು. ಅರ್ಜಿಯ ಕೊನೆಯ ದಿನಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು. ಪುಟವೊಂದು ತೆರೆಯಲು ನಿಮಿಷಗಳೇ ಹಿಡಿಯುತ್ತಿದ್ದವು. ಅದು ಸರಿಹೋಗದಿದ್ದರೆ ಹರಿಹರದ ವಿದ್ಯಾರ್ಥಿಗಳು ಬಸ್ಸು ಹತ್ತಿ ದಾವಣಗೆರೆಗೆ ಬಂದು ಸಾಲಿನಲ್ಲಿ ನಿಲ್ಲಬೇಕಾಗಿತ್ತು. ಇನ್ನೂ ದೊಡ್ಡ ಯಂತ್ರವನ್ನು ಕೊಳ್ಳೋಣವೆಂದು ಒಬ್ಬರೆಂದರು. ನಿಲ್ಲಿಸಿ ಮತ್ತೆ ಚಾಲೂ ಮಾಡೋಣವೆಂದು ಇನ್ನೊಬ್ಬರು. ಎರಡನೆಯ ಸಲಹೆಯನ್ನು ಎರಡು ಸಲ ಪಾಲಿಸಿಯೂ ಆಗಿತ್ತು. ಪ್ರತಿಸಲವೂ ಯಂತ್ರವು ಕ್ಷಣಕಾಲ ಸುಮ್ಮನಿದ್ದು, ಮತ್ತೆ ಹಿಂದಿನಂತೆಯೇ ಆಯಿತು. ವಿಚಿತ್ರವೆಂದರೆ, ರಾತ್ರಿ ಎರಡು ಗಂಟೆಗೆ ಒಬ್ಬ ವಿದ್ಯಾರ್ಥಿಯೂ ಪುಟವನ್ನು ತೆರೆಯದಿದ್ದಾಗಲೂ ಪ್ರೊಸೆಸರ್ ಪೂರ್ತಿಯಾಗಿ ದುಡಿಯುತ್ತಲೇ ಇತ್ತು.

ಇಲ್ಲಿ ಮೊದಲು ಮಾಡಬೇಕಾದುದು ಚಿಕಿತ್ಸೆಯಲ್ಲ, ಪರೀಕ್ಷೆ. ಲಿನಕ್ಸಿನಲ್ಲಿ 'ಟಾಪ್' ಎಂಬ ಆಜ್ಞೆಯನ್ನಿತ್ತರೆ ಯಾವ ಪ್ರಕ್ರಿಯೆಯು ಎಷ್ಟು ಪಾಲನ್ನು ಬಳಸುತ್ತಿದೆಯೆಂಬ ಪಟ್ಟಿ ಬರುತ್ತದೆ. ಈ ಪಟ್ಟಿಯಲ್ಲಿ 100 ಎಂದರೆ ಸಾಮಾನ್ಯವಾಗಿ ಒಂದು ಕೋರಿನ ಪೂರ್ಣ ದುಡಿಮೆ. ಯಂತ್ರದ ಪೂರ್ಣ ದುಡಿಮೆಯಲ್ಲ. ನಾಲ್ಕು ಕೋರ್‌ಗಳ ಯಂತ್ರದಲ್ಲಿ ಈ ಅಂಕಿ 400ರವರೆಗೂ ಏರಬಹುದು. ನಮ್ಮ ಯಂತ್ರದಲ್ಲಿ ಜಾವಾ ಪ್ರಕ್ರಿಯೆಯ ಎದುರಿಗೆ 200ಕ್ಕೆ ಸಮೀಪದ ಅಂಕಿ ಇತ್ತು. ಎರಡು ಕೋರ್‌ಗಳೂ ಅದರ ವಶವಾಗಿದ್ದವು. ಪಟ್ಟಿಯ ಮೇಲ್ಭಾಗದ ಸಾಲಿನಲ್ಲಿ ಇನ್ನೊಂದು ಸೂಚನೆಯಿತ್ತು. ಪ್ರೊಸೆಸರಿನ ಕಾಲದಲ್ಲಿ ಕ್ರಮವಿಧಿಯ ಸ್ವಂತ ಲೆಕ್ಕಕ್ಕೆ ಎಷ್ಟು ಹೋಯಿತು, ಅದರ ಪರವಾಗಿ ಕಾರ್ಯಾಚರಣ ವ್ಯವಸ್ಥೆಯು ದುಡಿದುದು ಎಷ್ಟು ಎಂಬುದನ್ನು ಆ ಸಾಲು ಪ್ರತ್ಯೇಕಿಸಿ ತೋರಿಸುತ್ತದೆ. ನಮ್ಮಲ್ಲಿ ಎರಡನೆಯ ಪಾಲು ಅಸಹಜವಾಗಿ ದೊಡ್ಡದಾಗಿತ್ತು. ಅಂದರೆ ಯಾರೋ ವ್ಯವಸ್ಥೆಯನ್ನು ಬಿಡುವಿಲ್ಲದೆ ಏನನ್ನೋ ಕೇಳುತ್ತಿದ್ದಾರೆ!

ಹೊಸ ಸರ್ವರಿನ ವಿಷಯದಲ್ಲಿ ಎರಡು ಸಹಜ ಕಾರಣಗಳನ್ನು ಮೊದಲೇ ಬದಿಗಿರಿಸಬೇಕು. ಚಾಲೂ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ ಜಾವಾ ತನ್ನ ಕ್ರಮವಿಧಿಯನ್ನು ಯಂತ್ರಭಾಷೆಗೆ ಅನುವಾದಿಸಿಕೊಳ್ಳುತ್ತದೆಯಾದುದರಿಂದ ಆಗಿನ ಏರಿಕೆಗೆ ಗಾಬರಿಪಡಬೇಕಿಲ್ಲ. ಇನ್ನೊಂದು ಸ್ಮೃತಿಯ ಕೊರತೆ. ಬಳಸಿ ಬಿಟ್ಟ ಸ್ಮೃತಿಯನ್ನು ಗುಡಿಸಿ ಮರಳಿ ಕೊಡುವ 'ಕಸ ಸಂಗ್ರಾಹಕ'ವೊಂದು ಜಾವಾದೊಳಗಿದೆ. ಸ್ಮೃತಿಯು ಇಕ್ಕಟ್ಟಾದಾಗ ಅದು ಗುಡಿಸುತ್ತಲೇ ಇರುತ್ತದೆ, ಸಿಗುವುದು ಮಾತ್ರ ಮುಷ್ಟಿಯಷ್ಟು. 'ಜೆಸ್ಟ್ಯಾಟ್' ಎಂಬ ಉಪಕರಣದಿಂದ ನೋಡಿದೆವು. ಸ್ಮೃತಿ ಧಾರಾಳವಾಗಿತ್ತು.

ಒಂದು ಪ್ರಕ್ರಿಯೆಯೊಳಗೆ ಹಲವು ಎಳೆಗಳು, ಅಂದರೆ ಥ್ರೆಡ್‌ಗಳು, ಏಕಕಾಲದಲ್ಲಿ ಸಾಗುತ್ತಿರುತ್ತವೆ. ಟಾಪ್ ಆಜ್ಞೆಗೆ ದೊಡ್ಡ 'ಎಚ್' ಅಕ್ಷರವನ್ನು ಸೇರಿಸಿದರೆ ಎಳೆಗಳ ಪಟ್ಟಿಯೇ ಸಿಗುತ್ತದೆ. ಅದರಲ್ಲಿ ಎರಡೇ ಎಳೆಗಳು ತಲಾ ಒಂದು ಕೋರನ್ನು ನುಂಗುತ್ತಿದ್ದವು. ಅವು ಏನು ಮಾಡುತ್ತಿವೆಯೆಂಬುದನ್ನು 'ಜೆಸ್ಟ್ಯಾಕ್' ಹೇಳುತ್ತದೆ. ಆ ಗಳಿಗೆಯಲ್ಲಿ ಪ್ರತಿಯೊಂದು ಎಳೆಯೂ ಕ್ರಮವಿಧಿಯ ಯಾವ ಸಾಲಿನಲ್ಲಿದೆಯೆಂದು ಬರೆದುಕೊಡುತ್ತದೆ. ಇಲ್ಲಿ ಒಂದು ಸಣ್ಣ ತೊಡಕಿದೆ. ಟಾಪ್ ಎಳೆಯ ಸಂಖ್ಯೆಯನ್ನು ಹತ್ತರ ಆಧಾರದಲ್ಲಿ ಕೊಟ್ಟರೆ, ಜಾವಾದ ಅನೇಕ ಆವೃತ್ತಿಗಳ ಜೆಸ್ಟ್ಯಾಕ್ ಹದಿನಾರರ ಆಧಾರದಲ್ಲಿ ಕೊಡುತ್ತದೆ. ಟಾಪಿನಲ್ಲಿ 4660 ಎಂದಿದ್ದರೆ ಜೆಸ್ಟ್ಯಾಕಿನಲ್ಲಿ ಹುಡುಕಬೇಕಾದುದು 1234. ಏಕೆಂದರೆ 4096, ಎರಡು 256, ಮೂರು 16, ನಾಲ್ಕು ಒಂದು ಕೂಡಿದರೆ 4660. ಶಾಲೆಯಲ್ಲಿ ನೀರಸವೆನಿಸಿದ ಆಧಾರಪರಿವರ್ತನೆಯು ಇಲ್ಲಿ ಕಳ್ಳನನ್ನು ಹಿಡಿದುಕೊಡುತ್ತದೆ. ಒಂದೇ ಚಿತ್ರವನ್ನು ನಂಬಬಾರದು. ಹತ್ತು ಸೆಕೆಂಡುಗಳ ಅಂತರದಲ್ಲಿ ಮೂರು ತೆಗೆಯಬೇಕು. ಮೂರರಲ್ಲಿಯೂ ನಮ್ಮ ಎರಡು ಎಳೆಗಳು ಒಂದೇ ಆವರ್ತದೊಳಗಿದ್ದವು.

ಆ ಆವರ್ತದ ಕೆಲಸ ಸರಳ. ದಾವಣಗೆರೆಯ ಅರ್ಜಿಗಳಿಗೊಂದು, ಹರಿಹರದ ಅರ್ಜಿಗಳಿಗೊಂದು ಫೋಲ್ಡರ್. ಪ್ರತಿಯೊಂದನ್ನೂ ಒಂದು ಎಳೆ ಕಾಯುತ್ತದೆ. ಹೊಸ ಕಡತ ಬಂದಿದೆಯೇ? ಇಲ್ಲ. ಬಂದಿದೆಯೇ? ಇಲ್ಲ. ನಡುವೆ ವಿರಾಮವೆಂಬುದೇ ಇಲ್ಲ. ಬೆಣ್ಣೆದೋಸೆಯ ಅಂಗಡಿಯಲ್ಲಿ ಗಿರಾಕಿಯೊಬ್ಬ ಕಾವಲಿಯ ಬಳಿಯೇ ನಿಂತು ಕ್ಷಣಕ್ಷಣಕ್ಕೂ "ಆಯಿತೇ?" ಎಂದು ಕೇಳುತ್ತಿದ್ದರೆ, ಉತ್ತರ ಹೇಳುವುದರಲ್ಲೇ ಭಟ್ಟರ ಹೊತ್ತು ಕಳೆದು ಇತರರ ದೋಸೆಯೂ ತಡವಾಗುತ್ತದೆ. ಮೇಜಿನ ಬಳಿ ಕುಳಿತು, ಕರೆದಾಗ ಏಳುವವನಿಂದ ಯಾರಿಗೂ ತೊಂದರೆಯಿಲ್ಲ. ಎರಡೂ ಕಾಯುವಿಕೆಯೇ. ಸರಿಯಾಗಿ ನಿದ್ರಿಸುವ ಎಳೆಗೆ ಕಾರ್ಯಾಚರಣ ವ್ಯವಸ್ಥೆಯು ಪ್ರೊಸೆಸರಿನ ಕಾಲವನ್ನು ಕೊಡುವುದೇ ಇಲ್ಲ. ಸುದ್ದಿ ಬಂದಾಗ ಮಾತ್ರ ಎಬ್ಬಿಸುತ್ತದೆ.

ಕೆಲವೊಮ್ಮೆ ಕ್ರಮವಿಧಿಯು ನಿರ್ದೋಷಿಯಾಗಿದ್ದು, ಎಬ್ಬಿಸುವವನೇ ತಪ್ಪುವುದುಂಟು. 2012ರ ಜುಲೈ 1ರಂದು, ಭಾರತದ ಗಡಿಯಾರದಲ್ಲಿ ಬೆಳಗಿನ ಐದೂವರೆ ಗಂಟೆಯ ಹೊತ್ತಿಗೆ, ಭೂಮಿಯ ಪರಿಭ್ರಮಣಕ್ಕೆ ಹೊಂದಿಸಲು ಜಗತ್ತಿನ ಕಾಲಮಾನಕ್ಕೆ ಒಂದು ಅಧಿಕ ಸೆಕೆಂಡನ್ನು ಸೇರಿಸಲಾಯಿತು. ಲಿನಕ್ಸಿನ ಒಳಗಿನ ಸಮಯಸೂಚಕವು ಅದನ್ನು ಗಮನಿಸಲಿಲ್ಲ. ನಿಜವಾದ ಸಮಯಕ್ಕಿಂತ ಒಂದು ಸೆಕೆಂಡು ಮುಂದೆ ಹೋಯಿತು. "ಅರ್ಧ ಸೆಕೆಂಡು ಬಿಟ್ಟು ಎಬ್ಬಿಸು" ಎಂದು ಮಲಗಿದ ಎಳೆಯನ್ನು ಅವಧಿ ಮುಗಿಯಿತೆಂದು ತಕ್ಷಣವೇ ಎಬ್ಬಿಸಿತು. ಎಳೆ ಎದ್ದು ನೋಡಿತು, ಕೆಲಸವಿಲ್ಲ, ಮಲಗಿತು, ಮತ್ತೆ ಎಬ್ಬಿಸಲ್ಪಟ್ಟಿತು. ಹೀಗೆ ರೆಡ್ಡಿಟ್, ಮೊಝಿಲ್ಲಾ ಮೊದಲಾದ ಪ್ರಸಿದ್ಧ ಸಂಸ್ಥೆಗಳ ಸರ್ವರ್‌ಗಳಿಗೂ ತೊಂದರೆಯಾಯಿತು. ಜಾವಾ ಕ್ರಮವಿಧಿಗಳಿಗೆ ಪೆಟ್ಟು ವಿಶೇಷವಾಗಿ ತಗುಲಿತು. ಪರಿಹಾರ ನಗು ತರಿಸುವಷ್ಟು ಸುಲಭ: ಗಡಿಯಾರಕ್ಕೆ ಅದು ತೋರಿಸುತ್ತಿದ್ದ ಸಮಯವನ್ನೇ ಮತ್ತೊಮ್ಮೆ ಹೊಂದಿಸಿದರೆ ಸಾಕಾಗಿತ್ತು. ಕಾರಣವನ್ನರಿಯದೆ ಈ ಮದ್ದು ಯಾರಿಗೆ ತಾನೆ ಹೊಳೆದೀತು?

ನಮ್ಮ ಸರ್ವರಿಗೆ ಮರಳೋಣ. ದಾವಣಗೆರೆಯ ಫೋಲ್ಡರಿನ ಎಳೆಯನ್ನು, ಕಡತ ಬಂದಾಗ ವ್ಯವಸ್ಥೆಯೇ ಎಬ್ಬಿಸುವಂತೆ, ಜಾವಾದ 'ವಾಚ್‌ಸರ್ವಿಸ್' ಬಳಸಿ ತಿದ್ದಿದೆವು. ಹರಿಹರದ ಫೋಲ್ಡರಿಗೆ ಇದು ಫಲಿಸಲಿಲ್ಲ. ಆ ಫೋಲ್ಡರ್ ಬೇರೊಂದು ಯಂತ್ರದಲ್ಲಿದ್ದು ಜಾಲದ ಮೂಲಕ ಜೋಡಿಸಲ್ಪಟ್ಟಿತ್ತು. ದೂರದ ಯಂತ್ರದಲ್ಲಿ ನಡೆದ ಬದಲಾವಣೆಯ ಸುದ್ದಿ ಇಲ್ಲಿನ ಲಿನಕ್ಸಿಗೆ ತಾನಾಗಿ ಮುಟ್ಟುವುದಿಲ್ಲ. ಅಲ್ಲಿ ಹಳೆಯ ಆವರ್ತವನ್ನೇ ಉಳಿಸಿ, ಪ್ರತಿಯೊಂದು ಪ್ರಶ್ನೆಯ ನಂತರ ಐದು ಸೆಕೆಂಡುಗಳ ನಿದ್ರೆಯನ್ನು ಸೇರಿಸಿದೆವು. ಸೇರಿಸಿದ್ದು ಒಂದೇ ಸಾಲು. ಅಂದು ರಾತ್ರಿ ಪ್ರೊಸೆಸರಿನ ಬಳಕೆ ನೂರಕ್ಕೆ ಎರಡೋ ಮೂರೋ ಆಗಿತ್ತು. ಹರಿಹರದ ಅರ್ಜಿಯು ದಾವಣಗೆರೆಯಲ್ಲಿ ಕಾಣುವುದು ಹೆಚ್ಚೆಂದರೆ ಐದು ಸೆಕೆಂಡು ತಡವಾಗುತ್ತದೆ. ಅದನ್ನು ಯಾರೂ ಇದುವರೆಗೆ ಆಕ್ಷೇಪಿಸಿಲ್ಲ.